ಕರ್ನಲ್ 6.17 ಬಂತು, ವೈಫೈ ಹೋಯ್ತು: ಒಂದು 8821ಸಿಇ ಕಾರ್ಡಿನ ರಿಪೇರಿ

ಲ್ಯಾಪ್‌ಟಾಪ್ 2020ರದ್ದು. ಅದರಲ್ಲಿರುವುದು ವಿಂಡೋಸ್ ಅಲ್ಲ, ಉಬುಂಟು 24.04 ಎಂಬ ಲಿನಕ್ಸ್. ವೈಫೈ ಕಾರ್ಡ್ ರಿಯಲ್‌ಟೆಕ್ ಆರ್‌ಟಿಎಲ್8821ಸಿಇ. ಹಾರ್ಡ್‌ವೇರನ್ನು ನಡೆಸುವ ಲಿನಕ್ಸ್‌ನ ತಿರುಳಿಗೆ ಕರ್ನಲ್ ಅನ್ನುತ್ತಾರೆ. ಕರ್ನಲ್ 6.14 ಇರುವವರೆಗೂ ಎಲ್ಲ ಸರಿಯಿತ್ತು. ಅಪ್‌ಡೇಟ್‌ನಲ್ಲಿ 6.17 ಬಂತು, ಮಷೀನ್ ರೀಸ್ಟಾರ್ಟ್ ಆಯಿತು, ಮೇಲಿನ ಮೂಲೆಯಲ್ಲಿದ್ದ ವೈಫೈ ಐಕಾನ್ ಮಾಯ. ಸೆಟ್ಟಿಂಗ್ಸ್‌ಗೆ ಹೋದರೆ ವೈಫೈ ಅಡಾಪ್ಟರೇ ಸಿಕ್ಕಿಲ್ಲ ಅನ್ನುತ್ತದೆ. ಇದೇ ಕಾರ್ಡ್ ಇರುವ ಲ್ಯಾಪ್‌ಟಾಪ್‌ಗಳು ಇನ್ನೂ ಬೇಕಾದಷ್ಟು ಮನೆಗಳಲ್ಲಿವೆ. ಅದಕ್ಕೇ ಮಾಡಿದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಕಮಾಂಡ್ ಮತ್ತು ಫೈಲ್ ಹೆಸರುಗಳನ್ನು ಓದುವ ಹಾಗೆ ಕನ್ನಡದಲ್ಲೇ ಹಾಕಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು, ಹೆಚ್ಚಿನವು ಸಣ್ಣ ಅಕ್ಷರಗಳು.

ಮಷೀನ್ ನಮ್ಮ ಚಿಕ್ಕಪ್ಪನದು. ಮನೆ ಹನುಮಂತನಗರದಲ್ಲಿ. ಅವರು ಉಬುಂಟು ಬಿಡದೆ ಹಿಡಿದುಕೊಂಡಿರುವುದಕ್ಕೆ ದೊಡ್ಡ ಸಿದ್ಧಾಂತ ಏನೂ ಇಲ್ಲ. ಕಗಪ ಕೀಬೋರ್ಡ್ ಅದರಲ್ಲಿ ಬರುವಾಗಲೇ ಇದೆ, ಬೇರೆ ಸಾಫ್ಟ್‌ವೇರ್ ಹಾಕುವ ರಗಳೆ ಇಲ್ಲ, ಅಷ್ಟೇ. ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟು:

"ಅಪ್‌ಡೇಟ್ ಮಾಡ್ಲಾ ಅಂತ ಕೇಳ್ತು, ಸರಿ ಅಂದೆ ಕಣೋ. ಬೆಳಿಗ್ಗೆ ನೋಡಿದ್ರೆ ನೆಟ್ಟೇ ಇಲ್ಲ. ಕಾರ್ಡ್ ಸುಟ್ಟುಹೋಯ್ತೇನೋ?"

"ಬ್ಲೂಟೂತ್ ಮೌಸ್ ಕೆಲಸ ಮಾಡ್ತಿದ್ಯಾ ಚಿಕ್ಕಪ್ಪ?"

"ಅದಕ್ಕೇನಾಗಿದೆ, ಚೆನ್ನಾಗೇ ಓಡಾಡ್ತಿದೆ."

ಹಾಗಾದರೆ ಕಾರ್ಡ್ ಸುಟ್ಟಿಲ್ಲ. 8821ಸಿಇ ಎಂಬುದು ವೈಫೈ ಮತ್ತು ಬ್ಲೂಟೂತ್ ಎರಡೂ ಒಂದೇ ತುಂಡಿನಲ್ಲಿರುವ ಕಾರ್ಡ್. ಆದರೆ ಎರಡೂ ಮದರ್‌ಬೋರ್ಡ್ ಜೊತೆ ಮಾತಾಡುವ ದಾರಿ ಬೇರೆ. ವೈಫೈ ಭಾಗ ಪಿಸಿಐ ಎಕ್ಸ್‌ಪ್ರೆಸ್ ಮೂಲಕ, ಬ್ಲೂಟೂತ್ ಭಾಗ ಒಳಗಿನ ಯುಎಸ್‌ಬಿ ಮೂಲಕ. ಅವನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರೂ ಬೇರೆ ಬೇರೆ. ಬ್ಲೂಟೂತ್ ಬದುಕಿದ್ದು ವೈಫೈ ಮಾತ್ರ ಹೋಗಿದ್ದರೆ, ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಸಾಫ್ಟ್‌ವೇರ್ ಕಡೆ ನೋಡುವುದು ವಾಸಿ.

ಇನ್ನೊಂದು ಪರೀಕ್ಷೆ ಫೋನಿನಲ್ಲೇ ಮಾಡಿಸಿದೆ. ಉಬುಂಟು ಹಳೆಯ ಕರ್ನಲ್ ಒಂದನ್ನು ತೆಗೆಯದೆ ಇಟ್ಟುಕೊಂಡಿರುತ್ತದೆ. ಆನ್ ಮಾಡಿ, ಕಂಪನಿಯ ಲೋಗೋ ಬಂದು ಹೋಗುವಾಗ ಎಸ್ಕೇಪ್ ಕೀ ಒತ್ತಿದರೆ ಗ್ರಬ್ ಮೆನು ಬರುತ್ತದೆ. ಅದರಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಳೆಯದನ್ನು ಆರಿಸಿಕೊಳ್ಳಬಹುದು. ಎಸ್ಕೇಪ್ ಒಂದೇ ಸಲ ಒತ್ತಬೇಕು. ಟಕಟಕ ಅಂತ ಒತ್ತುತ್ತಾ ಹೋದರೆ ಮೆನು ದಾಟಿ ಕಪ್ಪು ಪರದೆಯಲ್ಲಿ ಗ್ರಬ್ ಎಂಬ ಪ್ರಾಂಪ್ಟ್ ಬಂದು ನಿಲ್ಲುತ್ತದೆ. ಚಿಕ್ಕಪ್ಪ ಅಲ್ಲಿಗೂ ಹೋಗಿ ಬಂದರು. ಗಾಬರಿ ಬೇಡ, ರೀಬೂಟ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಆಯಿತು. 6.14ರಲ್ಲಿ ಬೂಟ್ ಆದಾಗ ವೈಫೈ ಬಂತು. ಅಂದರೆ ತೊಂದರೆ 6.17ಕ್ಕೂ ಡ್ರೈವರ್‌ಗೂ ನಡುವೆ.

ಅರ್ಜೆಂಟ್ ಇದ್ದವರು ಇಲ್ಲೇ ನಿಲ್ಲಬಹುದು. ಹಳೆ ಕರ್ನಲ್‌ನಲ್ಲೇ ಕೆಲವು ದಿನ ತಳ್ಳಬಹುದು. ಆದರೆ ಉಬುಂಟು 24.04ರ ಹೊಸ ಹೊಸ ಕರ್ನಲ್ ಕೊಡುತ್ತಾ ಹೋಗುವ ಈ ಎಚ್‌ಡಬ್ಲ್ಯೂಇ ಸಾಲಿನಲ್ಲಿ 6.17 ಬಂದ ಮೇಲೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು 6.17ಕ್ಕೆ. ಹಳೆಯದರಲ್ಲೇ ಕೂರುವುದು ಬ್ಯಾಂಕ್ ಕೆಲಸ ಮಾಡುವ ಮಷೀನಿಗೆ ಒಳ್ಳೆಯದಲ್ಲ.

ಮನೆಗೆ ಹೋದಾಗ ಮೊದಲು ಬೇಕಾದದ್ದು ನೆಟ್. ನೆಟ್ ಇಲ್ಲದೆ ನೆಟ್ ರಿಪೇರಿ ಮಾಡುವುದು ಕಷ್ಟ ಅಲ್ವಾ? ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಕೇಬಲ್ ಚುಚ್ಚುವ ಜಾಗವೇ ಇರುವುದಿಲ್ಲ. ಇದರಲ್ಲೂ ಇಲ್ಲ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ಅದಕ್ಕೆ ಬೇಕಾದ ಡ್ರೈವರ್ ಕರ್ನಲ್‌ನಲ್ಲೇ ಇರುತ್ತದೆ, ಏನೂ ಹಾಕಬೇಕಿಲ್ಲ. ತುಂಬಾ ಜನ ಗಮನಿಸದ ಸಂಗತಿ ಏನೆಂದರೆ, ಫೋನ್ ಮನೆಯ ವೈಫೈಗೆ ಸೇರಿಕೊಂಡಿದ್ದರೆ ಟೆದರಿಂಗ್ ಆ ವೈಫೈಯನ್ನೇ ಲ್ಯಾಪ್‌ಟಾಪ್‌ಗೆ ದಾಟಿಸುತ್ತದೆ. ಮೊಬೈಲ್ ಡೇಟಾ ಖರ್ಚಾಗಲ್ಲ. ಕೇಬಲ್ ಮಾತ್ರ ಡೇಟಾ ಹೋಗುವಂಥದ್ದಾಗಿರಬೇಕು. ಮನೆಯಲ್ಲಿದ್ದ ಮೊದಲ ಕೇಬಲ್ ಬರೀ ಚಾರ್ಜ್ ಮಾಡುವ ಜಾತಿಯದು. ಟಿವಿ ಹಿಂದಿನಿಂದ ಇನ್ನೊಂದನ್ನು ಎಳೆದು ತಂದೆವು.

ಈಗ ರೋಗ ಪತ್ತೆ. ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ ಎಂಬ ಕಮಾಂಡ್ ಪಿಸಿಐ ಮೇಲಿರುವ ಎಲ್ಲ ಸಾಧನಗಳನ್ನೂ, ಅವುಗಳ ಐಡಿಯನ್ನೂ, ಯಾವುದನ್ನು ಯಾವ ಡ್ರೈವರ್ ನೋಡಿಕೊಳ್ಳುತ್ತಿದೆ ಎಂಬುದನ್ನೂ ತೋರಿಸುತ್ತದೆ. ವೈಫೈ ಕಾರ್ಡ್ ಅಲ್ಲಿತ್ತು. ಐಡಿ 10ಇಸಿ:ಸಿ821. ಮೊದಲ ಅರ್ಧ ರಿಯಲ್‌ಟೆಕ್‌ನದು, ಎರಡನೆಯದು ಈ ಚಿಪ್‌ನದು. ಸಾಮಾನ್ಯವಾಗಿ ಅದರ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಎಂಬ ಸಾಲು ಇರುತ್ತದೆ. ಇಲ್ಲಿ ಆ ಸಾಲೇ ಇಲ್ಲ. ಬೇರೊಂದು ಸಾಲು ಇತ್ತು. "ಕರ್ನಲ್ ಮಾಡ್ಯೂಲ್ಸ್: ಆರ್‌ಟಿಡಬ್ಲ್ಯೂ88_8821ಸಿಇ". ಈ ಕಾರ್ಡನ್ನು ನಡೆಸಬಲ್ಲ ಮಾಡ್ಯೂಲ್ (ಬೇಕಾದಾಗ ಲೋಡ್ ಆಗುವ ಡ್ರೈವರ್ ಫೈಲ್) ಕರ್ನಲ್ ಒಳಗೇ ಇದೆ, ಆದರೆ ಅದು ಲೋಡ್ ಆಗಿಲ್ಲ ಎಂದು ಅರ್ಥ. ಈ ಒಂದು ಸಾಲೇ ಮುಂದಿನ ಎಲ್ಲಕ್ಕೂ ಕೀಲಿ.

ಹಾಗಾದರೆ 6.14ರಲ್ಲಿ ಕಾರ್ಡನ್ನು ಓಡಿಸುತ್ತಿದ್ದದ್ದು ಯಾರು? ಡಿಕೆಎಂಎಸ್ ಸ್ಟೇಟಸ್ ಕೇಳಿದೆ. ಉತ್ತರ ಬಂತು: ಆರ್‌ಟಿಎಲ್8821ಸಿಇ, 6.14ಕ್ಕೆ ಇನ್‌ಸ್ಟಾಲ್ ಆಗಿದೆ. 6.17ರ ಸುದ್ದಿಯೇ ಇಲ್ಲ.

ಡಿಕೆಎಂಎಸ್ ಗೊತ್ತಿಲ್ಲದವರಿಗೆ ಎರಡು ಮಾತು. ಕರ್ನಲ್ ಜೊತೆ ಬರದ, ಹೊರಗಿನಿಂದ ತಂದು ಹಾಕಿದ ಡ್ರೈವರ್‌ನ ಸೋರ್ಸ್ ಕೋಡನ್ನು ಇದು ಮಷೀನಿನಲ್ಲೇ ಇಟ್ಟುಕೊಳ್ಳುತ್ತದೆ. ಹೊಸ ಕರ್ನಲ್ ಬಂದಾಗಲೆಲ್ಲ ಅದಕ್ಕೆ ಹೊಂದುವಂತೆ ಡ್ರೈವರನ್ನು ಮತ್ತೆ ಕಂಪೈಲ್ ಮಾಡುತ್ತದೆ, ಅಂದರೆ ಸೋರ್ಸ್‌ನಿಂದ ಓಡುವ ರೂಪಕ್ಕೆ ತರುತ್ತದೆ. ಡೆಲ್ ಕಂಪನಿಯವರು ಶುರುಮಾಡಿದ ವ್ಯವಸ್ಥೆ. ಸೋರ್ಸ್ ಕಂಪೈಲ್ ಆಗುವವರೆಗೂ ಇದು ಇರುವುದೇ ಗೊತ್ತಾಗಲ್ಲ. ಆಗದಿದ್ದ ದಿನ ಹೀಗೆ ಐಕಾನ್ ಮಾಯ.

ಹೊರಗಿನ ಡ್ರೈವರ್ ಏಕೆ ಬಂತು ಎಂಬುದಕ್ಕೂ ಕಾರಣವಿದೆ. 2020ರ ಏಪ್ರಿಲ್‌ನಲ್ಲಿ ಬಂದ ಉಬುಂಟು 20.04ರಲ್ಲಿದ್ದದ್ದು ಕರ್ನಲ್ 5.4. ರಿಯಲ್‌ಟೆಕ್‌ನ ಹೊಸ ಚಿಪ್‌ಗಳಿಗಾಗಿ ಆರ್‌ಟಿಡಬ್ಲ್ಯೂ88 ಎಂಬ ಡ್ರೈವರ್ 2019ರಲ್ಲೇ, ಕರ್ನಲ್ 5.2ರಲ್ಲಿ ಸೇರಿತ್ತು. ಅದನ್ನು ಬರೆದುಕೊಟ್ಟವರು ರಿಯಲ್‌ಟೆಕ್‌ನ ಎಂಜಿನಿಯರ್‌ಗಳೇ. ಆದರೆ ಅದರೊಳಗೆ 8821ಸಿಇ ಸೇರಿದ್ದು 5.9ರಲ್ಲಿ, 2020ರ ಅಕ್ಟೋಬರ್ ಹೊತ್ತಿಗೆ. ಲ್ಯಾಪ್‌ಟಾಪ್ ಕೊಂಡದ್ದು ಅದಕ್ಕೆ ಮುಂಚೆ. ಎಸ್.ಪಿ. ರೋಡ್‌ನ ಕಂಪ್ಯೂಟರ್ ಅಂಗಡಿಯಲ್ಲಿ ಉಬುಂಟು ಹಾಕಿಕೊಟ್ಟವರು ಸೋರ್ಸ್ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಿಂದ ಡ್ರೈವರ್ ತಂದು ಡಿಕೆಎಂಎಸ್‌ಗೆ ಸೇರಿಸಿಕೊಟ್ಟಿದ್ದರು. ಆ ದಿನಕ್ಕೆ ಅದೇ ಸರಿಯಾದ ಕೆಲಸ. ಬೇರೆ ದಾರಿಯೂ ಇರಲಿಲ್ಲ. ಆಮೇಲೆ 22.04 ಆಯಿತು, 24.04 ಆಯಿತು, ನಡುವೆ ಡ್ರೈವರ್‌ನ ಹೊಸ ಕಾಪಿಯೂ ಬಂತು. ಇದು ಇನ್ನೂ ಬೇಕಾ ಅಂತ ಮಾತ್ರ ಯಾರೂ ಕೇಳಲಿಲ್ಲ.

ಕಂಪೈಲ್ ಏಕೆ ನಿಂತಿತು ಅಂತ ನೋಡದೆ ಬಿಡಲು ಮನಸ್ಸು ಬರಲಿಲ್ಲ. ಡಿಕೆಎಂಎಸ್ ತನ್ನ ಪ್ರತಿಯೊಂದು ಪ್ರಯತ್ನದ ಲಾಗ್ ಇಡುತ್ತದೆ. ವಾರ್, ಲಿಬ್, ಡಿಕೆಎಂಎಸ್ ಫೋಲ್ಡರ್‌ಗಳ ಒಳಗೆ ಡ್ರೈವರ್ ಹೆಸರು, ವರ್ಷನ್, ಬಿಲ್ಡ್ ಅಂತ ಇಳಿಯುತ್ತಾ ಹೋದರೆ ಮೇಕ್.ಲಾಗ್ ಎಂಬ ಫೈಲ್. ಇದನ್ನು ಕೊನೆಯಿಂದ ಓದಿ ಪ್ರಯೋಜನವಿಲ್ಲ. ಕೊನೆಯಲ್ಲಿ ಬರೀ "ಎರರ್ 2" ಅಂತಿರುತ್ತದೆ. ಎರರ್ ಎಂಬ ಪದ ಮೊದಲು ಎಲ್ಲಿ ಬಂದಿದೆ ಅಂತ ಹುಡುಕಬೇಕು. ಇಲ್ಲಿ ಸಿಕ್ಕಿದ್ದು ಇದು:

ಫೇಟಲ್ ಎರರ್: ಡಿಆರ್‌ವಿ_ಟೈಪ್ಸ್.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ

ನೋಡಿದರೆ ಆ ಫೈಲ್ (ಬೇರೆ ಫೈಲ್‌ಗಳು ಸೇರಿಸಿಕೊಳ್ಳುವ ಹೆಡರ್) ಅಲ್ಲೇ ಇದೆ! ಡ್ರೈವರ್‌ನ ಇನ್‌ಕ್ಲೂಡ್ ಫೋಲ್ಡರ್‌ನಲ್ಲಿ ಕಣ್ಣಿಗೆ ಕಾಣುವಂತೆ ಕೂತಿದೆ. ಕಂಪೈಲರ್‌ಗೆ ಮಾತ್ರ ಕಾಣುತ್ತಿಲ್ಲ. ಏಕೆಂದರೆ "ಹೆಡರ್ ಫೈಲ್‌ಗಳನ್ನು ಈ ಫೋಲ್ಡರ್‌ನಲ್ಲಿ ಹುಡುಕು" ಎಂಬ ಸೂಚನೆ ಅದಕ್ಕೆ ತಲುಪಿಯೇ ಇಲ್ಲ. ಆ ಸೂಚನೆಯನ್ನು ಡ್ರೈವರ್‌ನ ಮೇಕ್‌ಫೈಲ್ (ಹೇಗೆ ಕಂಪೈಲ್ ಮಾಡಬೇಕೆಂದು ಹೇಳುವ ಫೈಲ್) ಕೊಡುತ್ತಿದ್ದದ್ದು ಎಕ್ಸ್‌ಟ್ರಾ_ಸಿಫ್ಲಾಗ್ಸ್ ಎಂಬ ಹೆಸರಿನಲ್ಲಿ. ಇದು ಹಳೆಯ ಪದ್ಧತಿ. 2007ರಲ್ಲೇ ಕರ್ನಲ್‌ನವರು ಇದರ ಬದಲು ಸಿಸಿಫ್ಲಾಗ್ಸ್-ವೈ ಬಳಸಿ ಎಂದಿದ್ದರು. ಹಳೆಯದೂ ನಡೆಯುತ್ತಿತ್ತು, ಹಾಗಾಗಿ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಕರ್ನಲ್ 6.15ರಲ್ಲಿ ಹಳೆಯದನ್ನು ಪೂರ್ತಿ ತೆಗೆದುಹಾಕಿದರು. ಈಗ ಮೇಕ್‌ಫೈಲ್‌ನಲ್ಲಿ ಆ ಹೆಸರು ಇದ್ದರೆ ಬೈಯುವುದೂ ಇಲ್ಲ, ಎಚ್ಚರಿಸುವುದೂ ಇಲ್ಲ. ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ಉಬುಂಟು 6.14ರಿಂದ ನೇರ 6.17ಕ್ಕೆ ಹಾರಿದ್ದರಿಂದ ಈ ಬದಲಾವಣೆ ಚಿಕ್ಕಪ್ಪನ ತಲೆ ಮೇಲೆ ಒಂದೇ ಸಲ ಬಿತ್ತು.

ಡ್ರೈವರ್ ಫೋಲ್ಡರ್‌ನ ಒಂದು ಕಾಪಿ ಮಾಡಿಕೊಂಡು, ಮೇಕ್‌ಫೈಲ್‌ನಲ್ಲಿ ಆ ಹೆಸರನ್ನು ಎಲ್ಲ ಕಡೆ ಬದಲಾಯಿಸಿದೆ. ಸೆಡ್ ಕಮಾಂಡ್‌ನ ಒಂದೇ ಸಾಲಿನ ಕೆಲಸ. ಮೇಕ್ ಕೊಟ್ಟೆ. ಈ ಸಲ ಹೆಡರ್ ಸಿಕ್ಕಿತು, ಕಂಪೈಲ್ ತುಂಬಾ ದೂರ ಓಡಿತು, ಆಮೇಲೆ ಡೆಲ್_ಟೈಮರ್_ಸಿಂಕ್ ಎಂಬ ಫಂಕ್ಷನ್ ಯಾವುದೆಂದು ಗೊತ್ತಿಲ್ಲ ಅಂತ ನಿಂತಿತು. ಅದನ್ನೂ 6.15ರಲ್ಲೇ ತೆಗೆದಿದ್ದಾರೆ. ಹೊಸ ಹೆಸರು ಟೈಮರ್_ಡಿಲೀಟ್_ಸಿಂಕ್. ಬದಲಾಯಿಸಿದೆ. ಮುಂದಿನದು ಫ್ರಮ್_ಟೈಮರ್. 6.16ರಿಂದ ಅದು ಟೈಮರ್_ಕಂಟೇನರ್_ಆಫ್ ಆಗಿದೆ. ಈ ಎರಡೂ ಬರೀ ಹೆಸರಿನ ಬದಲಾವಣೆ, ಒಳಗಿನ ಕೆಲಸ ಅದೇ. ಆಮೇಲೆ ಬಂದದ್ದು ಸ್ವಲ್ಪ ಗಟ್ಟಿ ತಕರಾರು. ಕರ್ನಲ್‌ನಲ್ಲಿ ವೈಫೈ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ ಸಿಎಫ್‌ಜಿ80211 ಎಂಬ ಪದರ ಇದೆ. ಸಿಗ್ನಲ್ ಪವರ್ ಹೊಂದಿಸುವ ಫಂಕ್ಷನ್‌ಗೆ ಅಲ್ಲಿ ಹೊಸ ಆರ್ಗ್ಯುಮೆಂಟ್, ಅಂದರೆ ಕೊಡಬೇಕಾದ ಇನ್ನೊಂದು ಮಾಹಿತಿ ಸೇರಿದೆ. ಡ್ರೈವರ್ ಹಳೆಯ ಲೆಕ್ಕದಲ್ಲಿದೆ. ಪಾಯಿಂಟರ್ ಟೈಪ್ ಹೊಂದುತ್ತಿಲ್ಲ ಎಂದು ಕಂಪೈಲರ್ ತಡೆಯಿತು.

ಈ ಡ್ರೈವರ್‌ನ ಸೋರ್ಸ್ ಒಮ್ಮೆ ತೆರೆದು ನೋಡಬೇಕು. ಎಲ್ಲಿ ನೋಡಿದರೂ "ಕರ್ನಲ್ ಇಷ್ಟಕ್ಕಿಂತ ಹೊಸದಾದರೆ ಹೀಗೆ, ಇಲ್ಲದಿದ್ದರೆ ಹಾಗೆ" ಎಂಬ ಷರತ್ತುಗಳು. ಒಂದರ ಮೇಲೊಂದು ತೇಪೆ ಹಾಕಿ ಹೊಲಿದ ಕೌದಿಯ ಹಾಗಿದೆ. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಲಿನಕ್ಸ್‌ನಲ್ಲಿ ನಾವು ಬಳಸುವ ಪ್ರೋಗ್ರಾಂಗಳಿಗೂ ಕರ್ನಲ್‌ಗೂ ನಡುವಿನ ಒಪ್ಪಂದ ಮುರಿಯಬಾರದು ಎಂಬ ಕಟ್ಟುನಿಟ್ಟು ಇದೆ. ಆದರೆ ಕರ್ನಲ್ ಒಳಗಿನ ಫಂಕ್ಷನ್‌ಗಳಿಗೆ ಅಂಥ ಭರವಸೆ ಇಲ್ಲ, ಕೊಡುವುದೂ ಇಲ್ಲ ಅಂತ ಕರ್ನಲ್‌ನ ದಾಖಲೆಯಲ್ಲೇ ಬರೆದಿಟ್ಟಿದ್ದಾರೆ. ಒಳಗಿನ ಒಂದು ಫಂಕ್ಷನ್ ಬದಲಾಯಿಸಿದವರು ಕರ್ನಲ್ ಒಳಗಿರುವ ಎಲ್ಲ ಡ್ರೈವರ್‌ಗಳನ್ನೂ ತಾವೇ ತಿದ್ದಿ ಕೊಡಬೇಕು. ಹೊರಗಿರುವ ಡ್ರೈವರ್‌ಗಳ ಪಾಡು ಅವುಗಳದು. ನನಗೆ ಈ ನಿಯಮ ಸರಿ ಅನ್ನಿಸುತ್ತದೆ. ಇಲ್ಲದಿದ್ದರೆ 20 ವರ್ಷದ ಹಳೆ ಸಾಮಾನೆಲ್ಲ ಕರ್ನಲ್‌ನಲ್ಲಿ ತುಂಬಿಕೊಂಡಿರುತ್ತಿತ್ತು.

ಇಷ್ಟು ನೋಡಿದ ಮೇಲೆ ಪ್ಯಾಚ್ ಮಾಡುವುದನ್ನು ನಿಲ್ಲಿಸಿದೆ. ಆ ಆರ್ಗ್ಯುಮೆಂಟನ್ನೂ ಸೇರಿಸಿದರೆ ಕಂಪೈಲ್ ಮುಗಿಯಬಹುದಿತ್ತು. ಆದರೆ ಮುಂದಿನ ಕರ್ನಲ್‌ಗೆ ಮತ್ತೆ ಇದೇ ಕೆಲಸ. ಚಿಕ್ಕಪ್ಪನಿಗೆ ಪ್ರತಿ ಸಲ ನಾನು ಹನುಮಂತನಗರಕ್ಕೆ ಬಂದು ಮೇಕ್‌ಫೈಲ್ ತಿದ್ದಿಕೊಡುವುದು ನಡೆಯುವ ಮಾತಲ್ಲ. ಕರ್ನಲ್ ಒಳಗಿನ ಆರ್‌ಟಿಡಬ್ಲ್ಯೂ88 ಇರುವಾಗ ಅದರ ಅಗತ್ಯವೂ ಇಲ್ಲ.

ಚಿಕ್ಕಪ್ಪ ಅಷ್ಟರಲ್ಲಿ ಕಾಫಿ ತಂದಿಟ್ಟು, "ಇಷ್ಟೆಲ್ಲ ಯಾಕೋ, ಎಸ್.ಪಿ. ರೋಡ್‌ನಲ್ಲಿ ಒಂದು ಡಾಂಗಲ್ ತಂದು ಸಿಕ್ಕಿಸಿದ್ರೆ ಆಗಲ್ವಾ?" ಅಂದರು. ಕೇಳುವ ಪ್ರಶ್ನೆಯೇ. ಆಗುತ್ತದೆ, ಚಿಪ್ ಯಾವುದು ಅಂತ ನೋಡಿ ತಂದರೆ. ಡಬ್ಬದ ಮೇಲೆ ಸ್ಪೀಡ್ ದೊಡ್ಡದಾಗಿ ಬರೆದಿರುತ್ತಾರೆ, ಚಿಪ್‌ನ ಹೆಸರು ಬರೆದಿರುವುದಿಲ್ಲ. ಕಡಿಮೆ ಬೆಲೆಯ ಕೆಲವು ಡಾಂಗಲ್‌ಗಳು ಸಿಕ್ಕಿಸಿದ ಕೂಡಲೇ ವೈಫೈ ಅಂತ ಕಾಣಿಸಿಕೊಳ್ಳುವುದೇ ಇಲ್ಲ. ವಿಂಡೋಸ್ ಡ್ರೈವರ್ ಇರುವ ಸಿಡಿ ಡ್ರೈವ್ ಅಂತ ಕಾಣಿಸಿಕೊಳ್ಳುತ್ತವೆ. ಮೋಡ್ ಬದಲಾಯಿಸಿದ ಮೇಲೆಯೇ ನಿಜ ರೂಪ. ಕೊನೆಗೆ ಅದಕ್ಕೂ ಹೊರಗಿನ ಡ್ರೈವರೇ ಬೇಕಾದರೆ ದುಡ್ಡು ಕೊಟ್ಟು ಅದೇ ತಲೆನೋವು ತಂದಂತೆ. ಕೊಳ್ಳಲೇಬೇಕಾದರೆ ಮೀಡಿಯಾಟೆಕ್‌ನ ಎಂಟಿ7612ಯು ಚಿಪ್ ಇರುವುದನ್ನು ಹುಡುಕುತ್ತೇನೆ. ಅದರ ಡ್ರೈವರ್ ಕರ್ನಲ್‌ನಲ್ಲಿ ವರ್ಷಗಳಿಂದ ಇದೆ.

ಸರಿ, ಒಳಗಿನ ಡ್ರೈವರ್. ಅದು ನಿಜಕ್ಕೂ ಡಿಸ್ಕ್‌ನಲ್ಲಿ ಇದೆಯಾ ಅಂತ ಮಾಡ್‌ಇನ್ಫೋ ಆರ್‌ಟಿಡಬ್ಲ್ಯೂ88_8821ಸಿಇ ಕೊಟ್ಟು ನೋಡಿದೆ. ಫೈಲ್ ಇತ್ತು. ಇಲ್ಲದಿದ್ದರೆ ಲಿನಕ್ಸ್ ಮಾಡ್ಯೂಲ್ಸ್ ಎಕ್ಸ್‌ಟ್ರಾ ಎಂಬ ಪ್ಯಾಕೇಜ್ ಬಿಟ್ಟುಹೋಗಿದೆಯಾ ಅಂತ ನೋಡಬೇಕು. ಕಾರ್ಡಿನ ಒಳಗೇ ಓಡುವ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ ಕೂಡ ಬೇಕು. ಲಿಬ್ ಫೋಲ್ಡರ್‌ನ ಫರ್ಮ್‌ವೇರ್ ಒಳಗೆ ಆರ್‌ಟಿಡಬ್ಲ್ಯೂ88 ಅಂತ ಒಂದು ಫೋಲ್ಡರ್, ಅದರಲ್ಲಿ 8821ಸಿ ಹೆಸರಿನ ಫೈಲ್. ಅದೂ ಇತ್ತು. ಆಮೇಲೆ ಕೈಯಿಂದಲೇ ಲೋಡ್ ಮಾಡಿದೆ:

ಸೂಡೋ ಮಾಡ್‌ಪ್ರೋಬ್ ಆರ್‌ಟಿಡಬ್ಲ್ಯೂ88_8821ಸಿಇ

ಎಂಟರ್ ಒತ್ತಿದ ಮೇಲೆ ಟರ್ಮಿನಲ್ ಏನೂ ಹೇಳಲಿಲ್ಲ. ಹೇಳದಿದ್ದರೆ ಒಳ್ಳೆಯ ಸುದ್ದಿ. ಕಣ್ಣು ಮೇಲೆ ಹೋಗುವಷ್ಟರಲ್ಲಿ ಐಕಾನ್ ಬಂದಿತ್ತು. ಪಾಸ್‌ವರ್ಡ್ ಕೂಡ ಕೇಳದೆ ಮನೆಯ ವೈಫೈ ಹಿಡಿದುಕೊಂಡಿತು. ನೆಟ್‌ವರ್ಕ್ ಮ್ಯಾನೇಜರ್‌ಗೆ ಡ್ರೈವರ್ ಬದಲಾದದ್ದು ಬೇಕಿಲ್ಲ, ಹಳೆಯ ಪಾಸ್‌ವರ್ಡ್ ಅದರ ಹತ್ತಿರ ಇದ್ದೇ ಇತ್ತು.

"ಆಯ್ತಾ?" ಅಂದರು ಚಿಕ್ಕಪ್ಪ.

"ಇನ್ನೂ ಇಲ್ಲ. ರೀಸ್ಟಾರ್ಟ್ ಮಾಡಿದ್ರೆ ಮತ್ತೆ ಹೋಗುತ್ತೆ."

ಕೈಯಿಂದ ಕರೆದರೆ ಬರುವ ಮಾಡ್ಯೂಲ್ ತಾನಾಗಿ ಏಕೆ ಬರಲಿಲ್ಲ? ಇದಕ್ಕೆ ಸಾಮಾನ್ಯ ಕಾರಣ ಬ್ಲಾಕ್‌ಲಿಸ್ಟ್. ಇಟಿಸಿ ಫೋಲ್ಡರ್‌ನ ಮಾಡ್‌ಪ್ರೋಬ್.ಡಿ ಒಳಗಿನ ಫೈಲ್‌ಗಳಲ್ಲಿ 8821 ಎಂಬ ಅಂಕಿಯನ್ನು ಗ್ರೆಪ್‌ನಿಂದ ಹುಡುಕಿದೆ. ಎರಡು ಸಾಲು ಸಿಕ್ಕವು. ಒಂದು, "ಬ್ಲಾಕ್‌ಲಿಸ್ಟ್ ಆರ್‌ಟಿಡಬ್ಲ್ಯೂ88_8821ಸಿಇ". ಇನ್ನೊಂದು, ಹಳೆ ಡ್ರೈವರ್‌ಗೆ ಪವರ್ ಸೇವಿಂಗ್ ಬೇಡ ಅನ್ನುವ ಆಪ್ಷನ್ಸ್ ಸಾಲು. ಮೊದಲನೆಯದೇ ಬಾಗಿಲಿಗೆ ಹಾಕಿದ್ದ ಚಿಲಕ. ಕರ್ನಲ್ 5.9 ದಾಟಿದ ಮೇಲೆ ಒಂದೇ ಕಾರ್ಡಿಗೆ ಎರಡು ಡ್ರೈವರ್ ಆದವು. ಒಳಗಿನದು ಮೊದಲು ಹೋಗಿ ಕಾರ್ಡ್ ಹಿಡಿದುಕೊಳ್ಳಬಾರದೆಂದು ಹೊರಗಿನ ಡ್ರೈವರ್ ಬಳಸುವವರು ಈ ಸಾಲು ಹಾಕಿಕೊಳ್ಳುವುದು ವಾಡಿಕೆ. ಹೊರಗಿನದು ಕೆಲಸ ಮಾಡುವವರೆಗೆ ಸರಿ. ಅದು ಬಿದ್ದುಹೋದ ಮೇಲೆ ಕಾರ್ಡಿಗೆ ದಿಕ್ಕೇ ಇಲ್ಲ.

ಬ್ಲಾಕ್‌ಲಿಸ್ಟ್ ಎಂದರೆ ಪೂರ್ತಿ ನಿಷೇಧ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಕಾರ್ಡಿನ ಐಡಿ ನೋಡಿ ಸಿಸ್ಟಮ್ ತಾನಾಗಿ ಲೋಡ್ ಮಾಡುವುದನ್ನು ಮಾತ್ರ ಅದು ತಡೆಯುತ್ತದೆ. ಹೆಸರು ಹಿಡಿದು ಮಾಡ್‌ಪ್ರೋಬ್ ಕೊಟ್ಟರೆ ತಡೆಯುವುದಿಲ್ಲ. ಅದಕ್ಕೇ ಮೇಲಿನ ಪ್ರಯೋಗ ಕೆಲಸ ಮಾಡಿದ್ದು. ಬ್ಲಾಕ್‌ಲಿಸ್ಟ್ ಮೇಲೆ ಅನುಮಾನ ಬಂದಾಗ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಈಗ ಗುಡಿಸುವ ಕೆಲಸ. ಇಲ್ಲಿ ಕ್ರಮ ಮುಖ್ಯ. ಮೊದಲು ಹಳೆ ಡ್ರೈವರನ್ನು ಡಿಕೆಎಂಎಸ್‌ನಿಂದ ತೆಗೆದೆ. ಡಿಕೆಎಂಎಸ್ ರಿಮೂವ್ ಎಂದು ಕೊಟ್ಟು, ಸ್ಟೇಟಸ್‌ನಲ್ಲಿ ಕಂಡ ಹೆಸರು ಮತ್ತು ವರ್ಷನ್ ಹಾಗೇ ಹಾಕಿ, ಕೊನೆಗೆ --ಆಲ್ ಸೇರಿಸಬೇಕು. ಯುಎಸ್‌ಆರ್ ಫೋಲ್ಡರ್‌ನ ಎಸ್‌ಆರ್‌ಸಿಯಲ್ಲಿ ಉಳಿಯುವ ಸೋರ್ಸನ್ನೂ ಅಳಿಸಿದೆ. ಆಮೇಲೆ ಆ ಎರಡು ಸಾಲುಗಳನ್ನು ತೆಗೆದೆ.

ಇಲ್ಲಿಗೆ ಮುಗಿಯಲಿಲ್ಲ. ಡಿಕೆಎಂಎಸ್ ಸೋತಾಗ ಪ್ಯಾಕೇಜ್ ವ್ಯವಸ್ಥೆಯೂ ಅರ್ಧಕ್ಕೆ ನಿಂತಿರುತ್ತದೆ. ಈ ಮಷೀನಿನಲ್ಲಿ 6.17ರ ಹೆಡರ್ಸ್ ಪ್ಯಾಕೇಜ್ ಕಾನ್ಫಿಗರ್ ಆಗದೆ ಸಿಕ್ಕಿಹಾಕಿಕೊಂಡಿತ್ತು. ಏನು ಇನ್‌ಸ್ಟಾಲ್ ಮಾಡಲು ಹೋದರೂ ಅದೇ ಎರರ್. ಹೆಡರ್ಸ್ ಸಿಕ್ಕಿಹಾಕಿಕೊಂಡದ್ದು ಪುಣ್ಯವೇ. ಬೂಟ್ ಆಗುವ ಕರ್ನಲ್ ಫೈಲ್ ಇರುವ ಇಮೇಜ್ ಪ್ಯಾಕೇಜೇ ಡಿಕೆಎಂಎಸ್ ಹಂತದಲ್ಲಿ ನಿಂತರೆ ಅದರ ನಂತರದ ಕೆಲಸಗಳು ಆಗುವುದಿಲ್ಲ. ಆ ಕೆಲಸಗಳನ್ನು ಮಾಡುವ ಸ್ಕ್ರಿಪ್ಟ್‌ಗಳು ಅಕ್ಷರದ ಕ್ರಮದಲ್ಲಿ ಓಡುತ್ತವೆ. ಡಿಕೆಎಂಎಸ್ ಮೊದಲು, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಕರ್ನಲ್‌ಗೆ ಬೇಕಾದ ಫೈಲ್‌ಗಳ ಗಂಟು) ಆಮೇಲೆ. ಇನಿಟ್‌ರಾಮ್‌ಎಫ್‌ಎಸ್ ತಯಾರಾಗದೆ ಹೊಸ ಕರ್ನಲ್ ಬೂಟ್ ಮಾಡಿದರೆ ರೂಟ್ ಡಿಸ್ಕ್ ಸಿಗಲಿಲ್ಲ ಎಂದು ಕರ್ನಲ್ ಪ್ಯಾನಿಕ್. ವೈಫೈ ಡ್ರೈವರ್‌ನಿಂದ ಮಷೀನೇ ಏಳದ ಸ್ಥಿತಿ ಬರುವುದು ಹೀಗೆ. ಹಾಗಾದವರು ಹಳೆ ಕರ್ನಲ್‌ನಲ್ಲಿ ಬೂಟ್ ಮಾಡಿ ಇದೇ ಕೆಲಸ ಮಾಡಬೇಕು.

ಡ್ರೈವರ್ ತೆಗೆದಾದ ಮೇಲೆ ಸೂಡೋ ಡಿಪಿಕೆಜಿ --ಕಾನ್ಫಿಗರ್ -ಎ ಕೊಟ್ಟೆ. ನಿಂತಿದ್ದೆಲ್ಲ ಗಲಾಟೆ ಇಲ್ಲದೆ ಮುಗಿಯಿತು. ಕೊನೆಗೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್. ಮಾಡ್‌ಪ್ರೋಬ್.ಡಿ ಫೋಲ್ಡರ್‌ನ ಒಂದು ಕಾಪಿ ಅದರೊಳಗೂ ಕೂತಿರುತ್ತದೆ, ಹಳೆಯ ಸಾಲು ಅಲ್ಲಿ ಉಳಿಯಬಾರದು. ರೀಸ್ಟಾರ್ಟ್ ಮಾಡಿದೆ. ವೈಫೈ ತಾನಾಗಿ ಬಂತು. ಎಲ್‌ಎಸ್‌ಪಿಸಿಐನಲ್ಲಿ ಇನ್ ಯೂಸ್ ಸಾಲೂ ಕಾಣಿಸಿತು.

ಒಂದು ಉಪಕಾರ ಕೇಳದೆಯೇ ಆಯಿತು. ಈ ಮಷೀನಿನಲ್ಲಿ ಸಹಿ ಇಲ್ಲದ ಕರ್ನಲ್, ಡ್ರೈವರ್‌ಗಳನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದೆ. ಹೊರಗಿನ ಡ್ರೈವರ್ ಆದರೆ ಮಷೀನಿನ ಸ್ವಂತ ಕೀಲಿಯಿಂದ ಸಹಿ ಆಗಬೇಕು, ಆ ಕೀಲಿಯನ್ನು ಬೂಟ್ ಹೊತ್ತಿನ ನೀಲಿ ಪರದೆಯಲ್ಲಿ ಪಾಸ್‌ವರ್ಡ್ ಕೊಟ್ಟು ಸೇರಿಸಿರಬೇಕು. ಇಲ್ಲದಿದ್ದರೆ "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್" ಅನ್ನುತ್ತದೆ. ಕರ್ನಲ್ ಜೊತೆ ಬರುವ ಮಾಡ್ಯೂಲ್‌ಗೆ ಸಹಿ ಆಗಿಯೇ ಬಂದಿರುತ್ತದೆ. ಆ ರಗಳೆ ಇನ್ನಿಲ್ಲ.

ಆರ್‌ಟಿಡಬ್ಲ್ಯೂ88 ಕುಂದೇ ಇಲ್ಲದ ಡ್ರೈವರ್ ಏನಲ್ಲ. ಸಂಜೆ ಹೊತ್ತಿಗೆ ಚಿಕ್ಕಪ್ಪ ಯೂಟ್ಯೂಬ್‌ನಲ್ಲಿ ಹರಿಕಥೆ ಹಾಕಿಕೊಂಡಿದ್ದರು, ನಡುನಡುವೆ ನಿಂತು ನಿಂತು ಬರುತ್ತಿತ್ತು. ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಕಮಾಂಡ್ ಕೊಟ್ಟು ನೋಡಿದರೆ ಒಂದೇ ಸಾಲು ಮತ್ತೆ ಮತ್ತೆ:

ಫರ್ಮ್‌ವೇರ್ ಫೇಲ್ಡ್ ಟು ಲೀವ್ ಎಲ್‌ಪಿಎಸ್ ಸ್ಟೇಟ್

ಎಲ್‌ಪಿಎಸ್ ಎಂದರೆ ಕೆಲಸವಿಲ್ಲದಾಗ ಕಾರ್ಡ್ ತೂಕಡಿಸಿ ಕರೆಂಟ್ ಉಳಿಸುವ ಸ್ಥಿತಿ. ಎಬ್ಬಿಸಿದಾಗ ಏಳುತ್ತಿಲ್ಲ ಅನ್ನುವುದು ದೂರು. ಇದಕ್ಕೆ ಮೂರು ಕಡೆ ಕೈ ಹಾಕಬಹುದು. ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ವೈಫೈ.ಪವರ್‌ಸೇವ್ ಎಂಬುದನ್ನು 3ರಿಂದ 2 ಮಾಡಿದರೆ ವೈಫೈ ಪವರ್ ಸೇವಿಂಗ್ ಆಫ್ ಆಗುತ್ತದೆ. ಉಬುಂಟು 3 ಇಟ್ಟೇ ಕೊಡುತ್ತದೆ. ಎರಡನೆಯದು ಆರ್‌ಟಿಡಬ್ಲ್ಯೂ88_ಕೋರ್ ಮಾಡ್ಯೂಲ್‌ನ ಡಿಸೇಬಲ್_ಎಲ್‌ಪಿಎಸ್_ಡೀಪ್. ಮೂರನೆಯದು ಆರ್‌ಟಿಡಬ್ಲ್ಯೂ88_ಪಿಸಿಐ ಮಾಡ್ಯೂಲ್‌ನ ಡಿಸೇಬಲ್_ಎಎಸ್‌ಪಿಎಂ. ಇದು ಪಿಸಿಐ ಎಕ್ಸ್‌ಪ್ರೆಸ್ ದಾರಿಯೇ ತೂಕಡಿಸದಂತೆ ನೋಡಿಕೊಳ್ಳುತ್ತದೆ. ಮೂರನ್ನೂ ಒಟ್ಟಿಗೆ ಹಾಕಿಬಿಡಿ ಅಂತ ಸಲಹೆ ಕೊಡುವವರು ಜಾಸ್ತಿ. ನನಗೆ ಅದು ಇಷ್ಟವಿಲ್ಲ. ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ, ಬ್ಯಾಟರಿ ಸುಮ್ನೆ ಖರ್ಚು. ಒಂದೊಂದಾಗಿ ನೋಡಿದೆ. ಮೊದಲನೆಯದರಿಂದ ಸಾಲುಗಳು ಕಡಿಮೆಯಾದವು, ನಿಲ್ಲಲಿಲ್ಲ. ಎರಡನೆಯದನ್ನೂ ಹಾಕಿದ ಮೇಲೆ ನಿಂತವು. ಮೂರನೆಯದನ್ನು ಮುಟ್ಟಲಿಲ್ಲ. ಮಾಡ್‌ಪ್ರೋಬ್.ಡಿ ಒಳಗೆ ಆರ್‌ಟಿಡಬ್ಲ್ಯೂ88.ಕಾನ್ಫ್ ಎಂಬ ಹೊಸ ಫೈಲ್, ಅದರಲ್ಲಿ ಒಂದೇ ಸಾಲು: ಆಪ್ಷನ್ಸ್ ಆರ್‌ಟಿಡಬ್ಲ್ಯೂ88_ಕೋರ್ ಡಿಸೇಬಲ್_ಎಲ್‌ಪಿಎಸ್_ಡೀಪ್=ವೈ. ಮೇಲೆ ಹ್ಯಾಶ್ ಹಾಕಿ, ಇದು ಯಾಕೆ ಬಂತು, ಯಾವ ಕರ್ನಲ್‌ನಲ್ಲಿ ಬಂತು, ಯಾವಾಗ ತೆಗೆದು ನೋಡಬಹುದು ಅಂತ ಕನ್ನಡದಲ್ಲೇ ಬರೆದಿಟ್ಟೆ. ಹಳೆಯ ಬ್ಲಾಕ್‌ಲಿಸ್ಟ್ ಸಾಲಿನ ಪಕ್ಕದಲ್ಲಿ ಹೀಗೆ ಒಂದು ಟಿಪ್ಪಣಿ ಇದ್ದಿದ್ದರೆ ಎಷ್ಟೋ ಕೆಲಸ ಉಳಿಯುತ್ತಿತ್ತು.

ಉಳಿದದ್ದು ಡ್ರೈವರ್‌ಗೆ ಸಂಬಂಧಿಸಿದ್ದಲ್ಲ, ಬೀದಿಗೆ ಸಂಬಂಧಿಸಿದ್ದು. ಎನ್‌ಎಂಸಿಎಲ್‌ಐ ಕಮಾಂಡ್‌ನಿಂದ ಸುತ್ತಲಿನ ವೈಫೈಗಳ ಪಟ್ಟಿ ತೆಗೆದರೆ ಪರದೆ ತುಂಬಿ ಕೆಳಗಿಳಿಯಿತು. ಅಂಟಿಕೊಂಡಂತಿರುವ ಮನೆಗಳು, ಮನೆಗೊಂದು ರೂಟರ್, ಮಹಡಿಗೊಂದು ಬಾಡಿಗೆ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಮೂರೂ ಚಾನೆಲ್ ಕಿಕ್ಕಿರಿದಿವೆ. ಅದೇ 2.4ರಲ್ಲಿ ಬ್ಲೂಟೂತ್ ಕೂಡ ಓಡುತ್ತದೆ, ಅದೂ ಇದೇ ಕಾರ್ಡಿನಿಂದ. ಚಿಕ್ಕಪ್ಪನ ಬ್ಲೂಟೂತ್ ಹೆಡ್‌ಫೋನ್ ಕರಕರ ಅನ್ನುತ್ತಿದ್ದದ್ದಕ್ಕೆ ಇದೂ ಕಾರಣ. ರೂಟರ್‌ನಲ್ಲಿ ಎರಡೂ ಬ್ಯಾಂಡ್‌ಗೆ ಬೇರೆ ಹೆಸರು ಕೊಟ್ಟು, ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಕಟ್ಟಿದೆ. ಹಾಲ್‌ನಲ್ಲಿ ಕೂತು ಐಡಬ್ಲ್ಯೂ ಕಮಾಂಡ್‌ನಲ್ಲಿ ಲಿಂಕ್ ವೇಗ ನೋಡಿದಾಗ ಸೆಕೆಂಡಿಗೆ 433.3 ಮೆಗಾಬಿಟ್ ತೋರಿಸಿತು. ಒಂದೇ ಆಂಟೆನಾ ದಾರಿಯ ಈ ಕಾರ್ಡಿಗೆ 80 ಮೆಗಾಹರ್ಟ್ಸ್ ಅಗಲದಲ್ಲಿ ಅದೇ ಗರಿಷ್ಠ. ಹಿಂದಿನ ಕೋಣೆಗೆ ಹೋದರೆ ದಪ್ಪ ಗೋಡೆ ದಾಟಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಹರಿಕಥೆಗೆ ಅಷ್ಟು ಸಾಕು.

ಆಮೇಲೆ 6.17ರದೇ ಇನ್ನೊಂದು ಸಣ್ಣ ಅಪ್‌ಡೇಟ್ ಬಂತು. ಈ ಸಲ ಡಿಕೆಎಂಎಸ್ ಕಂಪೈಲ್ ಮಾಡಬೇಕಾದದ್ದು ಏನೂ ಇರಲಿಲ್ಲ, ಇನ್‌ಸ್ಟಾಲ್ ಸಲೀಸಾಗಿ ಮುಗಿಯಿತು. ಆಟೋರಿಮೂವ್ ಕೊಟ್ಟಾಗ 6.14ರ ಹಳೆ ಕರ್ನಲ್ ಕೂಡ ಹೋಯಿತು.